ಡ್ರೈವರನ ಮನೆಯ ಒಂದು ಹನಿ

ಕೊಣನೂರಿನ ಮುದುಕಿಯೊಬ್ಬಳು ಬಸುರಿ ಸೊಸೆಯ ಕೈಯನ್ನು ತನ್ನ ಸೆರಗಿನಲ್ಲಿ ಮುಚ್ಚಿಕೊಂಡು, "ಸೂಜಿ ಚುಚ್ಚಕ್ಕೆ ಬುಡಾಕಿಲ್ಲ ಕಣವ್ವ" ಎಂದಳು.

ಡಾಕ್ಟರಮ್ಮ ಹಾಸನದ ಮೆಡಿಕಲ್ ಕಾಲೇಜಿನ ಹೆರಿಗೆ ವಿಭಾಗದ ಮುಖ್ಯಸ್ಥೆ. ನಮ್ಮ ಕಡೆ ಬಾಣಂತಿಯರು ಯಾಕೆ ಸಾಯುತ್ತಾರೆ ಎಂದು ಸಂಶೋಧನೆ ಮಾಡುತ್ತಿದ್ದರು. ಅದಕ್ಕೆ ಬಸುರಿಯರ ಬೆರಳಿನಿಂದ ಒಂದು ಹನಿ ರಕ್ತ ಬೇಕಿತ್ತು. ನಾನು ಅವರ ಜೀಪಿನ ಡ್ರೈವರ್.

"ರಕ್ತ ಕಡಿಮೆ ಇದ್ದರೆ ಈಗಲೇ ಗೊತ್ತಾಗಬೇಕು ಅಜ್ಜಿ. ಹೆರಿಗೆ ಹೊತ್ತಿಗೆ ಗೊತ್ತಾದರೆ ನನ್ನ ಕೈಲೂ ಏನೂ ಆಗಲ್ಲ" ಎಂದರು ಡಾಕ್ಟರಮ್ಮ.

ಮುದುಕಿ ನನ್ನ ಕಡೆ ತಿರುಗಿದಳು. "ಏನ್ಲಾ ಡ್ರೈವರು, ನಿನ್ನ ಎಂಡ್ರು ಕೊಟ್ಟವ್ಳಾ?"

ನನ್ನ ಹೆಂಡತಿಗೆ ಆಗ ಎಂಟು ತಿಂಗಳು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಸೀಮಂತವಾದ ಮೇಲೆ ಮೈಯಿಂದ ರಕ್ತ ತೆಗೆಯಬಾರದು ಎಂದು ನನ್ನ ತಾಯಿ ಹಟ ಹಿಡಿದಿದ್ದಳು.

"ಇಲ್ಲ ಕಣಜ್ಜಿ" ಎಂದೆ.

"ಕಂಡ್ಯೇನವ್ವ! ಅವನ ಎಂಡ್ರಿಗೆ ಬ್ಯಾಡ, ನನ್ನ ಸೊಸೆಗೆ ಬೇಕಾ?"

ಡಾಕ್ಟರಮ್ಮ ನನ್ನನ್ನೇ ನೋಡಿದರು. "ತವರಿಗೆ ಹೋಗಿದ್ದಾಳೆ ಅಂದಿದ್ದೆಯಲ್ಲಪ್ಪ?"

"ಹಾಸನದಲ್ಲೇ ಅವ್ಳೆ ಅಮ್ಮಾವ್ರೇ."

ಅವರು ಸೂಜಿ ಡಬ್ಬಿ ಮುಚ್ಚಿ, "ಜೀಪು ತಿರುಗಿಸು" ಎಂದರು. ನಾನು ದಾರಿಯ ಅರಕಲಗೂಡಿನಲ್ಲೂ ನಿಲ್ಲಿಸದೆ ಹಾಸನಕ್ಕೆ ಬಂದೆ. ಅವರು ನೇರ ನಮ್ಮ ಮನೆಗೇ ಬಂದು ನನ್ನ ಹೆಂಡತಿಯ ಬೆರಳು ಚುಚ್ಚಿದರು.

ಅವರ ಪುಸ್ತಕದಲ್ಲಿದ್ದ ಅಷ್ಟೂ ಹೆಂಗಸರಲ್ಲಿ ನನ್ನ ಹೆಂಡತಿಗೇ ರಕ್ತ ಎಲ್ಲರಿಗಿಂತ ಕಡಿಮೆ ಇತ್ತು. ಅವತ್ತೇ ಆಸ್ಪತ್ರೆಗೆ ಸೇರಿಸಿದರು. ಒಂದು ಹನಿ ಕೊಡಲ್ಲವೆಂದ ಮನೆಯಿಂದ ನಾನೇ ಒಂದು ಬಾಟಲಿ ರಕ್ತ ಕೊಟ್ಟೆ.

ಮುಂದಿನ ವಾರ ಕೊಣನೂರಿನಲ್ಲಿ ಮುದುಕಿ ಮೊದಲು ಕೇಳಿದ್ದೇ, "ನಿನ್ನ ಎಂಡ್ರು ಕೊಟ್ಟಳಾ?" ಎಂದು. ಕೊಟ್ಟಳು ಎಂದೆ. ಸೆರಗಿನಿಂದ ಸೊಸೆಯ ಕೈ ಹೊರಗೆ ಬಂತು.

ತಿಂಗಳ ಮೇಲೆ ನಮಗೆ ಹೆಣ್ಣು ಮಗುವಾಯಿತು. ಇಬ್ಬರೂ ಉಳಿದರು.