ಹತ್ತು ಹೆಜ್ಜೆ ಹಿಂದೆ

ಹೆಂಡತಿಯ ಜೊತೆ ನಾಲ್ಕು ಮಾತಾಡಲು ನಾನು ಸ್ವೀಡನ್ನಿನವರೆಗೆ ಹೋಗಬೇಕಾಯಿತು. ನಗಬೇಡಿ. ಆದವಾನಿಯಲ್ಲಿ ನಮ್ಮದು ಹತ್ತಿ ವ್ಯಾಪಾರದ ಮನೆ. ಅಣ್ಣತಮ್ಮಂದಿರು, ಅವರ ಹೆಂಡಿರು ಮಕ್ಕಳು, ಬಂದುಹೋಗುವವರು ಸೇರಿ ಹೊತ್ತಿಗೆ ಮೂವತ್ತು ತಾಟು. ಅಂಥ ಮನೆಯಲ್ಲಿ ಗಂಡ ಹೆಂಡತಿ ಹಗಲುಹೊತ್ತು ಎದುರುಬದುರು ಕೂತು ಹರಟಿದರೆ ಅದೇ ಒಂದು ಸುದ್ದಿ. ಮದುವೆಯಾಗಿ ಹದಿನೆಂಟು ವರ್ಷ ನಾವು ಸುದ್ದಿಯಾಗದೆ ಬಾಳಿದೆವು.

ಮಂತ್ರಾಲಯಕ್ಕೆ ರೈಲಿನಲ್ಲಿ ಹೋದರೂ ಅಷ್ಟೇ. ನಮ್ಮಾಕೆ ಹೆಂಗಸರ ಡಬ್ಬಿಗೆ, ನಾನು ಗಂಡಸರ ಡಬ್ಬಿಗೆ. ಇಳಿದ ಮೇಲೆ ನಾನು ಮುಂದೆ, ಆಕೆ ಹತ್ತು ಹೆಜ್ಜೆ ಹಿಂದೆ. ತಿರುಗಿ ನೋಡುವ ಪದ್ಧತಿ ಇಲ್ಲ. ಕಾಲುಂಗುರ ಬಂಡೆಗೆ ತಾಗಿ ಟಕ್ ಟಕ್ ಅಂದರೆ ಬರುತ್ತಿದ್ದಾಳೆ ಅಂತ ತಿಳಿಯುವುದು. ನಾವು ಶಿವಭಕ್ತರು ಬೇರೆ. ಆ ಶಿವನೋ, ಅರ್ಧ ಮೈಯನ್ನೇ ಹೆಂಡತಿಗೆ ಬಿಟ್ಟುಕೊಟ್ಟವನು. ಎಷ್ಟೇ ಬಿರುಸಾಗಿ ನಡೆದರೂ ಪಾರ್ವತಿಯನ್ನು ಹಿಂದೆ ಹಾಕಲಾರ. ದಿನವೂ ಅವನಿಗೆ ಕೈಮುಗಿಯುತ್ತಿದ್ದ ನನಗೆ ಇದು ಹೊಳೆಯಲೇ ಇಲ್ಲ ನೋಡಿ!

ಹತ್ತಿಕಾಳಿನ ಎಣ್ಣೆ ಸೋಸುವ ಯಂತ್ರವೊಂದನ್ನು ನೋಡಿಬರಲು ನಾನು ಸ್ವೀಡನ್ನಿಗೆ ಹೊರಟಾಗ ಅವ್ವ ಹಟ ಹಿಡಿದಳು. “ಅಲ್ಲಿ ಮೂರು ಹೊತ್ತೂ ಮಾಂಸಾನೇ ಅಂತ. ಇಕೀನ ಕರ್ಕೊಂಡು ಹೋಗು, ರೊಟ್ಟಿ ಬಡದು ಹಾಕ್ತಾಳ.” ಹೀಗೆ ನಮ್ಮಾಕೆ ಸೀಮೆಎಣ್ಣೆ ಒಲೆಯ ಜೊತೆಗೆ ಪರದೇಶಕ್ಕೆ ಬಂದಳು.

ಕೋಪನ್‌ಹೇಗನ್‌ನಿಂದ ಸ್ಟಾಕ್‌ಹೋಮಿಗೆ ಇಡೀ ದಿನದ ರೈಲು. ಅಲ್ಲಿ ಹೆಂಗಸರ ಡಬ್ಬಿಯೇ ಇಲ್ಲ! ಜೀವಮಾನದಲ್ಲಿ ಮೊದಲ ಸಲ ನಾವಿಬ್ಬರೂ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ, ಎದುರೆದುರು ಕೂತೆವು. ಏನು ಮಾತಾಡುವುದು? ಕಿಟಕಿ ನೋಡಿ “ಎಷ್ಟು ಗಿಡ” ಅಂದೆ. “ಹೂಂ” ಅಂದಳು. ಒಂದು ತಾಸು ಬಿಟ್ಟು “ಎಷ್ಟು ನೀರು” ಅಂದೆ. “ಹೂಂ.” ಅಂಗಡಿಯಲ್ಲಿ ಬೆಳಗಿನಿಂದ ಸಂಜೆತನಕ ಬಾಯಿ ಬಡಿದುಕೊಳ್ಳುವ ದಲಾಲಿ ನಾನು, ನನ್ನ ಸರಕೆಲ್ಲ ಅಲ್ಲಿಗೆ ಮುಗಿಯಿತು.

ಆಕೆ ಬುತ್ತಿ ಬಿಚ್ಚಿದಳು. ಎದುರಿಗಿರುವವರಿಗೆ ಕೊಡದೆ ತಿನ್ನುವುದು ನಮ್ಮ ಕಡೆ ಉಂಟೇ? ಪಕ್ಕದ ಮುದುಕನಿಗೆ ರೊಟ್ಟಿಯ ಮೇಲೆ ಶೇಂಗಾಪುಡಿ ಹಾಕಿ ನೀಡಿದಳು. ಆತ ನಸುನಕ್ಕು, ಬೇಡವೆಂದು ತಲೆಯಾಡಿಸಿ, ಪೇಪರಿನ ಹಿಂದೆ ಸರಿದ. ಆಕೆ ಬುತ್ತಿ ಕಟ್ಟಿಟ್ಟಳು. ತಾನೂ ತಿನ್ನಲಿಲ್ಲ. ಎಷ್ಟೋ ಹೊತ್ತು ಒಬ್ಬರೂ ನಮ್ಮನ್ನು ಯಾವ ಊರು ಅಂತ ಕೇಳಲಿಲ್ಲ. ಕೇಳುವವರಿಲ್ಲದಿದ್ದರೆ ಮನುಷ್ಯ ಎಷ್ಟು ಸಣ್ಣವನಾಗುತ್ತಾನೆ ಅಂತ ಅವತ್ತು ತಿಳಿಯಿತು.

ಸ್ಟಾಕ್‌ಹೋಮಿನಲ್ಲಿ ಎರಡು ದಿನ. ಮರುದಿನ ಮಧ್ಯಾಹ್ನ ಊರು ತೋರಿಸುತ್ತೇನೆಂದು ಹೊರಡಿಸಿದೆ. ನಾನು ಮುಂದೆ, ಕೈ ಬೆನ್ನಹಿಂದೆ, ತಲೆತುಂಬ ಬೆಳಿಗ್ಗೆ ನೋಡಿದ ಯಂತ್ರ. ಒಂದು ಸೇತುವೆ ದಾಟಿ “ಚಳಿ ಜಾಸ್ತಿ ಐತಲ್ಲ?” ಅಂದೆ. “ಹೂಂ” ಬರಲಿಲ್ಲ. ತಿರುಗಿದರೆ ಆಕೆಯಿಲ್ಲ. ಆಕೆಯ ಕಾಲಿಗೆ ಉಣ್ಣೆಯ ಚೀಲ, ಬೂಟು. ಕಾಲುಂಗುರದ ಸದ್ದು ಯಾವಾಗಲೋ ನಿಂತಿತ್ತು, ನನಗೆ ಖಬರೇ ಇರಲಿಲ್ಲ.

ಬಂದ ದಾರಿಯಲ್ಲೇ ಓಡಿದೆ. ಕೂಗಬೇಕು, ಏನಂತ? ಆಕೆಯ ಹೆಸರನ್ನು ಬೀದಿಯಲ್ಲಿ ಒಮ್ಮೆಯೂ ಕರೆದವನಲ್ಲ. “ಏ... ಏ ಇಕಿನ...” ಅಂತ ಶುರುಮಾಡಿ, ಕೊನೆಗೆ ಮರ್ಯಾದೆ ಬಿಟ್ಟು “ಗೌರೀ!” ಅಂತ ಅರಚಿದೆ. ನಮ್ಮ ಕಡೆ ಕಣ್ಣೆತ್ತದ ಊರು ಅಷ್ಟೂ ತಿರುಗಿ ನೋಡಿತು.

ಸೇತುವೆಯ ಆಚೆ ಬದಿಗೆ, ನೀರಿನ ದಂಡೆಯ ಬೆಂಚಿನ ಮೇಲೆ, ಕೆಂಪು ಸೀರೆಯ ಮೇಲೆ ನನ್ನ ತಮ್ಮನ ಹಳೇ ಕೋಟು ಹಾಕಿಕೊಂಡು ಆರಾಮ ಕೂತಿದ್ದಳು.

“ಕಳಕೊಂಡೆ ಅಂತ ಜೀವ ಹೋಗಿತ್ತಲ್ಲ! ನಿಂದ್ರು ಅನ್ನಬಾರದಾ?”

“ಎಷ್ಟು ದೂರ ಹೋಗಿ ತಿರುಗಿ ನೋಡ್ತೀರಿ ನೋಡಾಣ ಅಂತ ಕುಂತೆ,” ಅಂದಳು. ಕಣ್ಣು ತುಂಬಿದ್ದವು. “ಹದಿನೆಂಟು ವರ್ಸ ನಿಮ್ಮ ಬೆನ್ನೇ ನೋಡೀನಿ. ಊರು ತೋರಸ್ತೀನಿ ಅಂತ ಇಷ್ಟು ದೂರ ಕರ್ಕೊಂಡು ಬಂದು, ಇಲ್ಲೂ ಬೆನ್ನೇ ತೋರಸ್ತೀರಲ್ರಿ.”

ನನಗೆ ನಾಚಿಕೆಯಾಯಿತು. ಆಕೆಯ ಪಕ್ಕದಲ್ಲಿ ಕೂತೆ. ಆಗ ಮಾತು ಬಂತು, ಆಕೆಗೇ. ಹೆಂಗಸರ ಡಬ್ಬಿಯಲ್ಲಿ ಉಳಿದವರೆಲ್ಲ ತಮ್ಮ ಗಂಡಂದಿರ ಮಾತು ಹೇಳಿಕೊಳ್ಳುತ್ತಿದ್ದರಂತೆ. “ನಾನೂ ಹೇಳ್ತಿದ್ದೆ. ನಮ್ಮ ಯಜಮಾನ್ರು ಹಿಂಗಂದ್ರು, ಹಂಗಂದ್ರು, ಭಾಳ ನಗಸ್ತಾರ ಅಂತ. ಎಲ್ಲಾ ನಾನೇ ಹುಟ್ಟಿಸಿದ್ದು.” ಅಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆ ಸುಳ್ಳಿನ ಗಂಡನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಏನೇನು ಹೇಳಿದ್ದನೆಂದು ಒಂದೊಂದಾಗಿ ಕೇಳಿದೆ. ಭೇಷ್ ಮಾತುಗಾರ, ನಿಜಕ್ಕೂ. ಮರುದಿನ ರೈಲು ಹತ್ತುವವರೆಗೆ ಇಬ್ಬರೂ ಜೋಡಿಯಾಗಿಯೇ ನಡೆದೆವು. ಯಾರೂ ನೋಡಲಿಲ್ಲ, ಯಾರೂ ಕೇಳಲಿಲ್ಲ.

ಆದವಾನಿ ಸ್ಟೇಷನ್ನಿಗೆ ಅರ್ಧ ಊರು ಬಂದಿತ್ತು. ಹಾರ, ಕೈಕುಲುಕು, “ಹೆಂಗಿದ್ದೀರಿ? ಬಾಗುನ್ನಾರಾ?” ಕನ್ನಡ ತೆಲುಗು ಬೆರೆತ ಗದ್ದಲದಲ್ಲಿ ಪಕ್ಕಕ್ಕೆ ನೋಡಿದೆ. ಆಕೆ ತಲೆಯ ಮೇಲೆ ಸೆರಗು ಎಳೆದುಕೊಂಡು ಹಿಂದೆ ಸರಿದಿದ್ದಳು. ನಾನು ನಿಧಾನ ಮಾಡಿದೆ, ಆಕೆಯೂ ನಿಧಾನ ಮಾಡಿದಳು. ನಾನು ನಿಂತೆ, ಆಕೆಯೂ ನಿಂತಳು.

“ನಡೀರಿ ಮುಂದ,” ಅಂದಳು ಮೆಲ್ಲಗೆ, “ಮಂದಿ ನೋಡ್ತಾರ.”

ನಡೆದೆ. ಇಷ್ಟೊಂದು ಜನ ನನ್ನನ್ನು ಮಾತಾಡಿಸುತ್ತಿದ್ದಾಗಲೂ, ಅಷ್ಟು ಒಂಟಿಯಾಗಿ ನಾನು ಯಾವ ಪರದೇಶದಲ್ಲೂ ನಡೆದಿರಲಿಲ್ಲ.