ಬಿಸಿ ತಾಗದ ಪಾದ

ಸಕ್ಕರೆ ಕಾಯಿಲೆಗೆ ಅಪ್ಪ ಆರಿಸಿಕೊಂಡ ವ್ಯಾಯಾಮ ಪ್ರದಕ್ಷಿಣೆ. ದೇವದುರ್ಗದ ಶಾಲೆಯಿಂದ ನಿವೃತ್ತರಾಗಿ ಮಾನ್ವಿಗೆ ಬಂದ ಮೇಲೆ, ದಿನಾ ಮಧ್ಯಾಹ್ನ ತೀರ್ಥಪ್ರಸಾದಕ್ಕೆ ಕರೆಯುವವರೆಗೂ ಮಠದ ಅಂಗಳ ಸುತ್ತುತ್ತಿದ್ದರು. ಕೆಲವು ತಿಂಗಳ ನಂತರ ರಾಯಚೂರಿನ ಲ್ಯಾಬಿನಿಂದ ವರದಿ ಬಂತು. ಮೂರು ತಿಂಗಳ ಸರಾಸರಿ ಸಕ್ಕರೆ ಇಳಿದಿತ್ತು, ರಕ್ತದ ಕೊಬ್ಬೂ ಇಳಿದಿತ್ತು.

“ದೇವರ ದಯಾ,” ಎಂದರು ಅಪ್ಪ.

“ಕಾಲಿನ ದಯಾ,” ಎಂದೆ ನಾನು. “ನಡೆದರ ಸ್ನಾಯುಗಳು ರಕ್ತದಾಗಿನ ಸಕ್ಕರಿ ತಿಂತಾವ. ಬಸ್‌ಸ್ಟ್ಯಾಂಡ್ ಸುತ್ತಿದ್ರೂ ಇಷ್ಟೇ ಇಳೀತಿತ್ತು.”

“ಬಸ್‌ಸ್ಟ್ಯಾಂಡಿನ್ಯಾಗ ಪ್ರಸಾದ ಯಾರು ಕೊಡ್ತಾರ, ವಕೀಲವ್ವಾ?”

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್‌ಗಳನ್ನು ಒರೆಸಿಡುತ್ತಿದ್ದವರು ಅವರೇ. ಮನೆಯಲ್ಲಿ ಮಾತ್ರ ಒಮ್ಮೆಯೂ ಸೋಲೊಪ್ಪಿದವರಲ್ಲ.

ಆ ಬೇಸಿಗೆಯಲ್ಲಿ ಅಂಗಳದ ಹಾಸುಗಲ್ಲು ಕಾದ ಹಂಚಾಗಿತ್ತು. ಉಳಿದವರು ಎಗರುತ್ತಾ ನೆರಳಿಗೆ ಓಡಿದರೆ, ಅಪ್ಪ ಬರಿಗಾಲಲ್ಲಿ ಒಂದೊಂದೇ ಹೆಜ್ಜೆ ಊರಿ ನಡೆಯುತ್ತಿದ್ದರು. “ಮಾಸ್ತರ ಶ್ರದ್ಧಾ ನೋಡ್ರಿ, ಕಲ್ಲೂ ಸುಡೂದಿಲ್ಲ ಅವರಿಗೆ,” ಎಂದು ಜನ ಅವ್ವನಿಗೆ ಹೇಳುತ್ತಿದ್ದರು. ಅವಳಿಗೆ ಹೆಮ್ಮೆ. ಕಾಯಿಲೆ ಆ ಪಾದಗಳ ಸ್ಪರ್ಶವನ್ನು ಯಾವಾಗಲೋ ತಿಂದು ಮುಗಿಸಿತ್ತು. ರಕ್ತದ ವರದಿಯಲ್ಲಿ ಅದಕ್ಕೊಂದು ಸಾಲು ಇರುವುದಿಲ್ಲ. ಹಾಸಿಗೆಯಲ್ಲಿ ಕೀವಿನ ಕಲೆ ಕಂಡಾಗಲೇ ಅವ್ವ ಅಂಗಾಲು ತಿರುಗಿಸಿ ನೋಡಿದ್ದು. ಸುಟ್ಟ ಬೊಬ್ಬೆ ಒಡೆದು ಕೊಳೆತಿತ್ತು.

ರಾಯಚೂರಿನ ಆಸ್ಪತ್ರೆಯಲ್ಲಿ ಬಲಪಾದದ ಮುಂಭಾಗ ತೆಗೆದರು. ಈಗ ಅಪ್ಪ ಕುರ್ಚಿಯಲ್ಲೇ ಕೂತು ಜಪ ಮಾಡುತ್ತಾರೆ, ಮೊದಲಿಗಿಂತ ಹೆಚ್ಚು ಹೊತ್ತು. ಗಾಯ ಮಾಯುತ್ತಿಲ್ಲ. ಸಕ್ಕರೆ ಹತೋಟಿಗೆ ಬರದಿದ್ದರೆ ಇನ್ನೂ ಮೇಲಕ್ಕೆ ಕತ್ತರಿಸಬೇಕಾದೀತು ಎಂದಿದ್ದಾರೆ ಡಾಕ್ಟರು.

ಹೋದ ವಾರ ಹೊಸ ವರದಿ ತಂದುಕೊಟ್ಟೆ. ಸಕ್ಕರೆ ಏರಿತ್ತು.

ಅಪ್ಪ ಕನ್ನಡಕದ ಹತ್ತಿರ ಹಿಡಿದು ಓದಿದರು. “ದೇವರು ಇದ್ದಲ್ಲೇ ಇದ್ದಾನ. ಜಪ ನಿಂತಿಲ್ಲ. ನಿಂತದ್ದು ನಡಿಗಿ ಒಂದೇ. ನೀನೇ ಗೆದ್ದಿ ನೋಡವಾ.”

“ಒಂದು ವರದಿಯಿಂದ ಏನೂ ಸಿದ್ಧ ಆಗಂಗಿಲ್ಲಪ್ಪಾ. ಗಾಯಕ್ಕ ನಂಜಾದ್ರೂ ಸಕ್ಕರಿ ಏರ್ತದ. ಜಪ ಇರದಿದ್ರ ಇದಕ್ಕಿಂತ ಏರ್ತಿತ್ತೋ ಏನೋ, ಯಾರು ಕಂಡಾರ?”

ಅವರು ಕಣ್ಣೆತ್ತಿದರು. “ದೇವರ ಪರ ವಾದ ಮಾಡಾಕತ್ತೀ ಏನು?”

“ಹೌದು.”

“ಜೀವ ಇಲ್ಲ ಈ ವಾದದಾಗ,” ಎಂದರು. ವರದಿ ಮಡಚಿ ಪಕ್ಕಕ್ಕಿಟ್ಟು, “ಆದ್ರೂ ಮಾಡು, ಕೇಳ್ತೀನಿ.”

ಪಟ್ಟಿ ಕಟ್ಟಿದ ಪಾದದ ಕಡೆ ನೋಡದೆ, ಅವರೆದುರು ನೆಲದ ಮೇಲೆ ಕೂತು, ನಾನು ವಾದಿಸತೊಡಗಿದೆ.