ಜಾಗ ಕಾಯುವ ಕಾರಿಗೆ ಹೊಸ ಬಣ್ಣ

ಕಳೆದ ಭಾನುವಾರ ನಾನು ಕಾರಿನ ಕೆಲಸ ಮಾಡಿದೆ. ಕಾರು ಓಡಿಸುವ ಕೆಲಸವಲ್ಲ, ಖುದ್ದು ಕಾರೇ ಮಾಡುವ ಕೆಲಸ. ಬಿಸಿಲಿನಲ್ಲಿ, ನಿಂತಲ್ಲೇ, ಅಲುಗಾಡದೆ. ನಂಬಿಕೆ ಬರುತ್ತಿಲ್ಲವೇ? ಹಾಗಾದರೆ ಮೊದಲಿನಿಂದ ಹೇಳುತ್ತೇನೆ.

ಸಾಂತಾಕ್ರೂಜ್‌ನ ನಮ್ಮ ಬಿಲ್ಡಿಂಗಿನಲ್ಲಿ ಪಾರ್ಕಿಂಗಿಗೆ ನಂಬರ್ ಇಲ್ಲ. ಯಾರ ಗಾಡಿ ನಿಂತಿದೆಯೋ ಜಾಗ ಅವರದು. ನನ್ನ ನೀಲಿ ಕಾರು ಕಾಂಪೌಂಡ್ ಗೋಡೆಗೆ ಅಂಟಿಕೊಂಡು ನಿಂತು ವರ್ಷಗಳೇ ಆದವು. ಅಂಟಿಕೊಂಡು ಎಂದರೆ ನಡುವೆ ಅಂಗೈ ಕೂಡ ತೂರುವುದಿಲ್ಲ. ಸ್ವಲ್ಪ ಸಡಿಲ ಬಿಟ್ಟರೂ ಯಾರಾದರೂ ಅಲ್ಲಿ ಬೈಕ್ ತುರುಕುತ್ತಾರೆ.

ಹೊರಗೆ ತೆಗೆಯುವುದೇ ಇಲ್ಲವೇ ಎಂದು ಕೇಳಬೇಡಿ. ತೆಗೆದರೆ ಜಾಗ ಹೋಗುತ್ತದೆ. ನಾನು ಲೋಕಲ್ ರೈಲಿನಲ್ಲಿ ಓಡಾಡುತ್ತೇನೆ, ನನ್ನ ಹೆಂಡತಿ ಸರೋಜಾ ಆಟೊದಲ್ಲಿ. ಭಾನುವಾರ ಬೆಳಗ್ಗೆ ಕೆಳಗಿಳಿದು ಕಾರು ಸ್ಟಾರ್ಟ್ ಮಾಡುತ್ತೇನೆ. ನಿಂತಲ್ಲೇ ಸ್ವಲ್ಪ ಹೊತ್ತು ಗುರ್ ಎನ್ನುತ್ತದೆ. ಬ್ಯಾಟರಿಗೆ ಜೀವ ಬಂತು ಅನಿಸಿದರೆ ಆಫ್. (ವಿಮೆಯನ್ನೂ ತಪ್ಪದೆ ಕಟ್ಟುತ್ತೇನೆ. ನಿಂತ ಕಾರಿಗೆ ಅಪಘಾತ ವಿಮೆ.)

ಇದರಲ್ಲಿ ನಗುವಂಥದ್ದೇನೂ ಇಲ್ಲ. ನಾನು ಬೆಳೆದದ್ದು ಕುರ್ಲಾದ ಸಾಲುಮನೆಗಳ ಚಾಳಿನಲ್ಲಿ. ಅಲ್ಲಿ ನಲ್ಲಿಯ ಮುಂದೆ ಜನ ನಿಲ್ಲುತ್ತಿರಲಿಲ್ಲ, ಕೊಡಗಳು ನಿಲ್ಲುತ್ತಿದ್ದವು. ಅವ್ವ ನಮ್ಮ ಕೊಡಕ್ಕೆ ಗುರುತಿಗೆಂದು ಕೆಂಪು ಪಟ್ಟಿ ಬಳಿದಿದ್ದಳು. ಕೊಡ ಸರದಿಯಲ್ಲಿದ್ದರೆ ಅವ್ವ ಸರದಿಯಲ್ಲಿದ್ದಂತೆ. ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದರೂ ಯಾರೂ ಆ ಕೊಡವನ್ನು ಸರಿಸುತ್ತಿರಲಿಲ್ಲ. ಈಗ ಲೋಕಲ್‌ನಲ್ಲಿ ಸೀಟಿನ ಮೇಲೆ ಕರವಸ್ತ್ರ ಹಾಕುವುದಿಲ್ಲವೇ, ಅದೂ ಇದೇ. ನನ್ನ ಕಾರು ಸ್ವಲ್ಪ ದೊಡ್ಡ ಕೊಡ, ಅಷ್ಟೆ.

ಸರೋಜಾಳಿಗೆ ಮಾತ್ರ ಈ ಸಿದ್ಧಾಂತ ಒಪ್ಪಿಗೆಯಿಲ್ಲ. ಅವಳಿಗೆ ಡ್ರೈವಿಂಗ್ ಬರುತ್ತದೆ. ಬಾಗಲಕೋಟೆಗೆ ಹೋದಾಗಲೆಲ್ಲ ತಮ್ಮನ ಜೀಪನ್ನು ಅವಳೇ ಓಡಿಸುತ್ತಾಳೆ. ಅವಳ ತಂಗಿಯ ಮನೆ ಕುರ್ಲಾದಲ್ಲಿದೆ. “ಒಮ್ಮಿ ಕಾರ್ ತಗೊಂಡು ತಂಗಿ ಮನೀಗೆ ಹೋಗಿ ಬರ್ತೀನ್ರಿ” ಎಂದು ಅವಳು ಕೇಳಿದಾಗಲೆಲ್ಲ ನಾನು ಜಾಗದ ಮಾತು ತೆಗೆಯುತ್ತಿದ್ದೆ. ಅವಳು ಆಟೊ ಹಿಡಿಯುತ್ತಿದ್ದಳು.

ಹೀಗಿರುವಾಗ ಸೊಸೈಟಿಯ ನೋಟಿಸ್ ಬಂತು. ಕಾಂಪೌಂಡಿನಲ್ಲಿ ಬೇವಾರಸಿಯಾಗಿ ಬಿದ್ದಿರುವ ವಾಹನಗಳನ್ನು ಎತ್ತಿಸಲಾಗುವುದು, ಜಾಗಕ್ಕಾಗಿ ಕಾಯುತ್ತಿರುವ ಸದಸ್ಯರಿಗೆ ಅದನ್ನು ಕೊಡಲಾಗುವುದು. ನಾನು ಬಾಲ್ಕನಿಯಿಂದ ಬಗ್ಗಿ ನೋಡಿದೆ. ಧೂಳು, ಪಾರಿವಾಳದ ಹಿಕ್ಕೆ, ಬಾನೆಟ್ ಮೇಲೆ ಸುಲಿದ ಬಣ್ಣ. ಬೇವಾರಸಿ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗುವುದಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಗ್ಯಾರೇಜಿಗೆ ಕೊಡೋಣವೆಂದರೆ ಕಾರು ಹೊರಗೆ ಹೋಗಬೇಕು. ಕಾರು ಹೊರಗೆ ಹೋದರೆ ಯಾವ ಜಾಗ ಉಳಿಸಲು ಬಣ್ಣ ಹೊಡೆಸುತ್ತಿದ್ದೇನೋ ಆ ಜಾಗವೇ ಇರುವುದಿಲ್ಲ. ಕಾರನ್ನು ಗ್ಯಾರೇಜಿಗೆ ಒಯ್ಯಲಾಗದವನು ಏನು ಮಾಡಬೇಕು? ತಾನೇ ಗ್ಯಾರೇಜ್ ಆಗಬೇಕು. ಆದೆ.

ಬಣ್ಣ ಬದಲಿಸುವಂತಿಲ್ಲ. ಬದಲಿಸಿದರೆ ಆರ್‌ಟಿಒ ಕಚೇರಿಗೆ ಅಲೆದಾಟ. ಆದ್ದರಿಂದ ಪೆಟ್ರೋಲ್ ಟ್ಯಾಂಕಿನ ಹೊರಮುಚ್ಚಳ ಬಿಚ್ಚಿ, ಚೀಲದಲ್ಲಿಟ್ಟುಕೊಂಡು ಬೈಕುಲ್ಲಾಕ್ಕೆ ಹೋದೆ. ಅಲ್ಲಿ ವಿಜಯಪುರ ಕಡೆಯ ಮೌಲಾಸಾಬರ ಪೇಂಟ್ ಅಂಗಡಿಯಿದೆ. ಸ್ಯಾಂಪಲ್ ಕೊಟ್ಟರೆ ಬಣ್ಣ ಕಲೆಸಿ ಸ್ಪ್ರೇ ಡಬ್ಬಿಗೆ ತುಂಬಿಕೊಡುತ್ತಾರೆ.

“ಇದಕ್ಕ ಮ್ಯಾಚ್ ಮಾಡ್ಲೇನ್ರಿ?” ಎಂದು ಮುಚ್ಚಳ ತಿರುಗಿಸಿ ನೋಡಿದರು.

“ಡಿಟ್ಟೋ ಇರಬೇಕು ನೋಡ್ರಿ. ಒಂದೀಟೂ ಫರಕ್ ಆಗಬಾರದು.”

“ಡಿಟ್ಟೋ ಕೊಡ್ತೀನಿ, ತಗೋರಿ” ಎಂದರು. ಕೊಟ್ಟರು.

ಮನೆಗೆ ಬಂದು ನಾನೂ ಸರೋಜಾಳೂ ಕೆಲಸ ಹಚ್ಚಿಕೊಂಡೆವು. ನೀರು ಹಾಕಿ ಸ್ಯಾಂಡ್‌ಪೇಪರ್ ಉಜ್ಜಿದೆವು. ತುಕ್ಕು ತಿಂದಲ್ಲಿ ಪುಟ್ಟಿ ಮೆತ್ತಿದೆವು. ಪಕ್ಕದ ಬೈಕುಗಳಿಗೆ ಹಳೆಯ ಬೆಡ್‌ಶೀಟ್ ಹೊದಿಸಿದೆವು. ಗಾಜುಗಳಿಗೆ ಪೇಪರ್ ಅಂಟಿಸಿದೆವು. ಅದರಲ್ಲೊಂದು ಹಾಳೆಯಲ್ಲಿ ನನ್ನದೇ ಅಂಕಣವಿತ್ತು. (ವಾಚ್‌ಮನ್ ಬಹಳ ಹೊತ್ತು ಅದರ ಮುಂದೆ ನಿಂತಿದ್ದ. ಅವನಿಗೆ ಕನ್ನಡ ಬರುವುದಿಲ್ಲ. ಫೋಟೊ ಯಾರದೆಂದು ಕೇಳಿದ.) ಸ್ಪ್ರೇ ಒತ್ತುವುದರಲ್ಲಿ ಸರೋಜಾಳ ಕೈ ನೆಟ್ಟಗಿತ್ತು. ನಾನು ಒತ್ತಿದ ಕಡೆ ಬಣ್ಣ ಸೋರಿ ಕಣ್ಣೀರಾಯಿತು.

“ಗ್ವಾಡಿ ಕಡೆ ಏನ್ ಮಾಡೋದ್ರಿ?” ಎಂದು ಕೇಳಿದಳು.

“ಆ ಕಡೆ ಯಾರ್ ನೋಡ್ತಾರ? ಬಿಡು.”

“ಮ್ಯಾಲೆ ಥಳಕು, ಒಳಗ ಹುಳುಕು” ಎಂದು ಅವಳು ಡಬ್ಬಿ ಕೆಳಗಿಟ್ಟಳು.

ಬಣ್ಣ ಒಣಗಿತು. ಮುಚ್ಚಳ ಮತ್ತೆ ಜಾಗಕ್ಕೆ ಕೂತಿತು. ಎಲ್ಲೂ ಫರಕ್ ಇಲ್ಲ. ನೋಟಿಸಿನಲ್ಲಿ ಹೇಳಿದ್ದಂತೆ ಭಾನುವಾರ ಬೆಳಗ್ಗೆ ಸೊಸೈಟಿಯ ಸೆಕ್ರೆಟರಿ ಗಾಡಿಗಳನ್ನು ನೋಡುತ್ತ ಬಂದರು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾರಿನ ಪಕ್ಕ ನಿಂತಿದ್ದೆ. ಸರೋಜಾ ಹಿಂದೆ ಇದ್ದಳು. ಸೆಕ್ರೆಟರಿ ಕಾರನ್ನು ಒಮ್ಮೆ ನೋಡಿದರು.

“ಅಂಕಲ್, ಪೇಂಟ್ ಕಬ್ ಕರಾಓಗೆ?”

ಯಾವಾಗ ಬಣ್ಣ ಮಾಡಿಸುತ್ತೀರಿ ಎಂದು ಕೇಳುತ್ತಿದ್ದಾರೆ. ಯಾರನ್ನು? ಬೆರಳ ಸಂದಿಯಲ್ಲಿ ಇನ್ನೂ ಬಣ್ಣ ಉಳಿದಿರುವ ನನ್ನನ್ನು.

ಆಗ ನನಗೆ ಹೊಳೆಯಿತು. ಅಷ್ಟು ವರ್ಷ ಬಿಸಿಲು ತಿಂದು ಬಿಳಿಚಿಕೊಂಡ ಮುಚ್ಚಳವನ್ನೇ ನಾನು ಸ್ಯಾಂಪಲ್ ಎಂದು ಕೊಟ್ಟಿದ್ದೆ. ಮೌಲಾಸಾಬರು ಅದಕ್ಕೆ ಸರಿಯಾಗಿ ಬಿಳಿಚಿದ ಬಣ್ಣವನ್ನೇ ಕಲೆಸಿದ್ದರು. ನಾವಿಬ್ಬರೂ ರಟ್ಟೆ ಬೀಳುವಂತೆ ಉಜ್ಜಿ, ಹಳೆಯ ಕಾರನ್ನು ಹೊಚ್ಚಹೊಸದಾಗಿ ಹಳೆಯದು ಮಾಡಿದ್ದೆವು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಬಣ್ಣ ಹೊಡೆದಾಗಿದೆ, ಮುಟ್ಟಿ ನೋಡಿ, ಬೇಕಾದರೆ ಮೂಸಿ ನೋಡಿ ಎಂದೆ. ಪಾಪ, ಅವರು ಬಗ್ಗಿ ಮೂಸಿಯೂ ನೋಡಿದರು. ಮುಖದಲ್ಲಿ ನಂಬಿಕೆ ಕಾಣಲಿಲ್ಲ. ಬಣ್ಣ ಇರಲಿ ಬಿಡಿ ಅಂಕಲ್, ಇದು ಚಲಿಸುತ್ತದೆಯೇ, ಯಾರೂ ನೋಡಿಲ್ಲವಲ್ಲ ಎಂದರು.

ಅಷ್ಟರಲ್ಲಿ ಕಾರಿನ ಬಾಗಿಲು ತೆರೆದ ಸದ್ದಾಯಿತು. ಬೆಳಗಿನ ಸ್ಟಾರ್ಟಿಗೆಂದು ತಂದಿದ್ದ ಕೀಲಿ ಸರೋಜಾಳ ಕೈಯಲ್ಲಿತ್ತು. ಸ್ಟಾರ್ಟ್ ಮಾಡಿದಳು. ಗುರ್ ಎಂದಿತು. ಇಷ್ಟು ವರ್ಷ ಅಲ್ಲಿಗೇ ನಿಲ್ಲುತ್ತಿದ್ದ ಕಾರು ಅವತ್ತು ಮುಂದೆ ಹೋಯಿತು. ಗೋಡೆಯಿಂದ ಬಿಡಿಸಿಕೊಂಡು ಗೇಟಿನವರೆಗೆ ಬಂದು ನಿಂತಿತು.

“ಚಲ್ತೀ ಹೈ ನಾ. ಬಸ್, ಹೋ ಗಯಾ” ಎಂದು ಸೆಕ್ರೆಟರಿ ಮುಂದಿನ ಗಾಡಿಯ ಕಡೆ ಹೋದರು. ಓಡುತ್ತದೆ, ಅಷ್ಟು ಸಾಕಂತೆ. ಆ ಸ್ಯಾಂಡ್‌ಪೇಪರು, ಪುಟ್ಟಿ, ಬೈಕುಲ್ಲಾ ಯಾವುದೂ ಬೇಕಿರಲಿಲ್ಲ.

ಸರೋಜಾ ಇಳಿದು ಗೋಡೆಯ ಕಡೆಯ ಬಾಗಿಲನ್ನು ಸೆರಗಿನಿಂದ ಒರೆಸಿದಳು. ಧೂಳಿನಡಿ ಕಡುನೀಲಿ. ಬಿಸಿಲು ಕಾಣದ ಮಗ್ಗುಲು.

“ನೋಡ್ರಿ, ನಾವು ತಂದ ದಿನದ ಬಣ್ಣ ಇದು. ಇದನ್ನ ಬಿಟ್ಟು ಅದನ್ನ ಬಳದೀರಿ.”

ನನಗೆ ಅದನ್ನು ನೋಡುವ ವ್ಯವಧಾನ ಇರಲಿಲ್ಲ. ಮೂರನೇ ಮಹಡಿಗೆ ಹೊಸದಾಗಿ ಬಂದ ಹುಡುಗಿಯ ಕಾರು ಒಳಗೆ ಬರುತ್ತಿತ್ತು. ನಾನು ಓಡಿಹೋಗಿ ಖಾಲಿ ಜಾಗದ ನಡುವೆ ನಿಂತೆ. “ಲಗೂನ ರಿವರ್ಸ್ ತಗೋ” ಎಂದೆ.

ಸರೋಜಾ ಸ್ಟೇರಿಂಗ್ ಮುಂದೆ ಕೂತು ಬೆಲ್ಟ್ ಹಾಕಿಕೊಂಡಳು. ಕನ್ನಡಿ ಸರಿ ಮಾಡಿಕೊಂಡಳು.

“ಹೆಂಗೂ ಹೊರಗ ಬಂದೈತಿ. ತಂಗಿ ಮನೀಗೆ ಹೋಗಿ ಬರ್ತೀನಿ. ನೀವು ಅಲ್ಲೇ ಇರ್ರಿ.”

ಹೋದಳು. ಆ ಕಡೆ ಬಿಳಿಚು, ಈ ಕಡೆ ಕಡುನೀಲಿ, ಕಾರು ತಿರುವಿನಲ್ಲಿ ಮರೆಯಾಯಿತು. ಆ ಹುಡುಗಿ ಹಾರ್ನ್ ಒತ್ತಿ, “ಅಂಕಲ್, ಯಹಾಂ ಗಾಡಿ ಹೈ ಕ್ಯಾ?” ಎಂದಳು.

“ಹೈ. ಬಾಹರ್ ಗಯೀ ಹೈ” ಎಂದೆ.

ಇಲ್ಲಿ ಗಾಡಿಯಿದೆ, ಹೊರಗೆ ಹೋಗಿದೆ. ಈ ಮಾತು ಹೇಳುವ ಅವಕಾಶ ನನಗೆ ಎಂದೂ ಬಂದಿರಲಿಲ್ಲ. ಕೊಂಚ ಹೆಮ್ಮೆಯೇ ಆಯಿತು. ಹೆಮ್ಮೆ ಬಿಸಿಲೇರುವವರೆಗೆ ಇತ್ತು. ವಾಚ್‌ಮನ್ ಕನಿಕರಪಟ್ಟು ಕುರ್ಚಿ ತಂದುಕೊಟ್ಟ. ತರಕಾರಿ ತರುವವರು, ನಾಯಿ ತಿರುಗಾಡಿಸುವವರು ನನ್ನನ್ನು ಬಳಸಿಕೊಂಡು ಹೋದರು. ಕೊಡವನ್ನು ಬಳಸಿಕೊಂಡು ಹೋಗುತ್ತಿದ್ದ ಹಾಗೆ. ನಮ್ಮ ಕೊಡ ನಲ್ಲಿಯ ಮುಂದೆ ಕಾಯುತ್ತಿದ್ದದ್ದು ಅವ್ವ ಒಳಗೆ ತನ್ನ ಕೆಲಸ ಮಾಡಿಕೊಳ್ಳಲಿ ಎಂದು. ನಮ್ಮ ಮನೆಯಲ್ಲಿ ಕಾರು ಕಾಯುತ್ತಿತ್ತು, ಹೆಂಡತಿಯೂ ಕಾಯುತ್ತಿದ್ದಳು.

ಊಟದ ಹೊತ್ತಿಗೆ ಅವಳು ಬಂದಳು. ಮುಖ ಅರಳಿತ್ತು. ಒಂದೇ ಸಲಕ್ಕೆ ರಿವರ್ಸ್ ತೆಗೆದು, ಗೋಡೆಯಿಂದ ಒಂದು ಮೊಳ ದೂರವೇ ನಿಲ್ಲಿಸಿದಳು. ಇಳಿದು ಲಾಕ್ ಮಾಡಿದಳು. ನಾನು ಕೀಲಿಗೆಂದು ಕೈ ಚಾಚಿದೆ. ಅವಳು ಅದನ್ನು ತನ್ನ ಪರ್ಸಿಗೆ ಹಾಕಿಕೊಂಡು ಕೇಳಿದಳು:

“ಮುಂದಿನ ಐತವಾರನೂ ಖಾಲಿ ಅದೀರಲ್ಲ?”